ನಾಟ್ರಾಂಪಾಳ್ಯಕ್ಕೆ ಕಾಲೇಜು ಬರುವ ದಾರಿ

1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಆಚೆ ಉಳಿದವರು ಕಾಸರಗೋಡಿನ ಕನ್ನಡಿಗರು ಮಾತ್ರ ಅಲ್ಲ. ಮದರಾಸು ಆಡಳಿತದ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ಸೀಮೆಯೂ ಹಾಗೆಯೇ ಉಳಿಯಿತು. 1965ರಲ್ಲಿ ಅದು ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಎರಡು ಬಾರಿ ಬದಲಾದರೂ ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವ ಸಂಸಾರಗಳು ಇದ್ದಲ್ಲೇ ಇವೆ. ನಮ್ಮ ಪತ್ರಿಕೆಗಳಲ್ಲಿ ಅವರ ಸುದ್ದಿ ಬರುವುದು ಅಪರೂಪ. ಅವರಿಗೂ ನಮ್ಮ ಸುದ್ದಿ ಅಷ್ಟಕ್ಕಷ್ಟೆ. ಆದರೆ ಈಚೆಗೆ ಎದ್ದಿರುವ ಒಂದು ಪ್ರಶ್ನೆ ಇಬ್ಬರಿಗೂ ಸೇರಿದ್ದರಿಂದ, ಅದನ್ನು ಅಲ್ಲಿನ ಒಂದು ಊರಿನಲ್ಲಿ ನಿಂತು ನೋಡುವುದು ಉಚಿತವೆಂದು ಕಾಣುತ್ತದೆ.

ಆ ಊರು ನಾಟ್ರಾಂಪಾಳ್ಯ. ಹೊಸೂರಿನಿಂದ ಡೆಂಕಣಿಕೋಟೆ, ಅಲ್ಲಿಂದ ಅಂಚೆಟ್ಟಿ, ಅಂಚೆಟ್ಟಿ ದಾಟಿ ಕಾಡಿನ ದಾರಿಯಲ್ಲಿ ಹೊಗೇನಕಲ್ಲಿನ ಕಡೆಗೆ ಹೋದರೆ ಸಿಗುತ್ತದೆ. ಸುತ್ತ ಮೇಲಗಿರಿ ಬೆಟ್ಟ. 2014ರಲ್ಲಿ ಘೋಷಿತವಾದ ಕಾವೇರಿ ಉತ್ತರ ವನ್ಯಧಾಮ ಈ ಬೆಟ್ಟಸಾಲಿನದೇ. ಪತ್ರಿಕೆ ಓದುವವರಿಗೆಲ್ಲ ಪರಿಚಿತವಾದ ಬಿಳಿಗುಂಡ್ಲು, ಎಂದರೆ ಕರ್ನಾಟಕದಿಂದ ತಮಿಳುನಾಡಿಗೆ ಹರಿಯುವ ಕಾವೇರಿ ನೀರನ್ನು ಅಳೆಯುವ ಜಾಗ, ಇದೇ ದಿಕ್ಕಿನಲ್ಲಿದೆ. ನೀರಿನ ಲೆಕ್ಕ ದಿನಕ್ಕೆ ಇಷ್ಟು ಕ್ಯೂಸೆಕ್ ಎಂದು ದೆಹಲಿಯವರೆಗೆ ಹೋಗುತ್ತದೆ. ಇಲ್ಲಿ ಹತ್ತನೆಯ ತರಗತಿ ಮುಗಿಸಿ ಓದು ಬಿಟ್ಟ ಮಕ್ಕಳ ಲೆಕ್ಕ ಅಷ್ಟು ದೂರ ಹೋಗುವುದಿಲ್ಲ.

ಇಂಥ ಊರಿನ ಒಂದು ಮನೆಯನ್ನು ಎಣಿಸಿಕೊಳ್ಳೋಣ. ಅಣ್ಣ ಹೊಸೂರಿನ ಸಿಪ್ಕಾಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ವಾರ ಹಗಲು, ವಾರ ರಾತ್ರಿ. ಹನ್ನೆರಡನೆಯ ತರಗತಿ ಮುಗಿಸಿದ್ದಾನೆ, ಪದವಿ ಇಲ್ಲದೆ ಮೇಲಿನ ಹುದ್ದೆ ಸಿಗುವುದಿಲ್ಲ. ತಂಗಿಗೆ ಹತ್ತೊಂಬತ್ತಕ್ಕೆ ಮದುವೆ ಆಗಿ, ಒಂದು ಮಗು. ಅತ್ತೆಗೆ ಅವಳು ಓದುವುದಕ್ಕೆ ಆಕ್ಷೇಪವಿಲ್ಲ, ಬಸ್ಸು ಹತ್ತಿ ಹೋಗುವುದಕ್ಕೆ ಆಕ್ಷೇಪ. ಇಬ್ಬರೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಹದಿನೆಂಟಕ್ಕೆ ಕಾಲೇಜು ಸೇರಿ ಇಪ್ಪತ್ತೊಂದಕ್ಕೆ ಹೊರಬೀಳುವ ವಿದ್ಯಾರ್ಥಿಗಾಗಿ ಕಟ್ಟಿದ ವಿಶ್ವವಿದ್ಯಾನಿಲಯದಲ್ಲಿ ಇವರಿಗೆ ಜಾಗವಿಲ್ಲ. ಇಂಥವರ ಸಂಖ್ಯೆ ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಲ್ಲಿ ಕಡಿಮೆಯೇ? ಬೀಡಿ ಕಟ್ಟುತ್ತ, ಅಂಗಡಿಯಲ್ಲಿ ಕೂರುತ್ತ, ಕೊಲ್ಲಿ ದೇಶದಿಂದ ಮರಳಿ ಬಂದು ಏನು ಮಾಡಲಿ ಎನ್ನುತ್ತ ಇರುವವರು ನಮ್ಮ ಬೀದಿಯಲ್ಲೇ ಇದ್ದಾರೆ.

ಇವರಿಗೆ ಹಿಂದೆ ಇದ್ದ ದಾರಿ ಅಂಚೆಯದು. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಮೂಲಕ ಪಾಠ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969ರಲ್ಲಿ ಆರಂಭವಾಯಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಡೀ ದೇಶಕ್ಕೆಂದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 1985ರಲ್ಲಿ ಹುಟ್ಟಿತು. ಕಂದು ಲಕೋಟೆಯಲ್ಲಿ ಬರುತ್ತಿದ್ದ ಆ ಪಾಠದ ಪುಸ್ತಕಗಳಿಂದ ಓದಿ ಮಾಸ್ತರರಾದವರು, ಬ್ಯಾಂಕು ಸೇರಿದವರು ಎಷ್ಟೋ ಮಂದಿ.

ಈಗಿನ ದಾರಿ ಬೇರೆ. ಒಂದೇ ವಿಶ್ವವಿದ್ಯಾನಿಲಯ ತನ್ನ ವಿದ್ಯಾರ್ಥಿಗೆ ಮಾತ್ರ ಪಾಠ ಕಳುಹಿಸುವ ಬದಲು, ಹಲವು ವಿಶ್ವವಿದ್ಯಾನಿಲಯಗಳು ಕೂಡಿ ಒಂದು ಆನ್‌ಲೈನ್ ಪೋರ್ಟಲಿನಲ್ಲಿ ಪಾಠ ಇಡುವುದು, ಯಾರು ಬೇಕಾದರೂ ಅಲ್ಲಿ ಕಲಿತು ತಮ್ಮ ವಿಶ್ವವಿದ್ಯಾನಿಲಯದಲ್ಲಿ ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು. ಜರ್ಮನಿಯ ಬವೇರಿಯಾ ರಾಜ್ಯ 2000ದಲ್ಲೇ ಇಂಥ ಒಂದು ಕೂಟ ಕಟ್ಟಿತು. ಅಲ್ಲಿ ಒಂದು ಊರಿನ ಪ್ರಾಧ್ಯಾಪಕರ ಪಾಠವನ್ನು ಮತ್ತೊಂದು ಊರಿನ ವಿದ್ಯಾರ್ಥಿ ಶುಲ್ಕವಿಲ್ಲದೆ ಪಡೆಯಬಹುದು. ನಮ್ಮ ದೇಶದಲ್ಲಿ ಮೊದಲು ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್‌ಪಿಟೆಲ್ ಎಂಬ ಯೋಜನೆ ಆರಂಭಿಸಿದವು. ಅದು ಬಹುಮಟ್ಟಿಗೆ ಇಂಜಿನಿಯರಿಂಗಿನವರದು. 2017ರ ಜುಲೈ 9ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಉದ್ಘಾಟಿಸಿದ ‘ಸ್ವಯಂ’ ಎಲ್ಲರದು. ಶಾಲೆಯಿಂದ ಸ್ನಾತಕೋತ್ತರದವರೆಗೆ, ವಾಣಿಜ್ಯದಿಂದ ಇತಿಹಾಸದವರೆಗೆ ಅಲ್ಲಿ ಪಾಠಗಳಿವೆ. ಕಲಿಯಲು ಹಣ ಕೊಡಬೇಕಾಗಿಲ್ಲ, ವಯಸ್ಸು ಕೇಳುವವರಿಲ್ಲ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ.

ಕೆಲಸ ನಡೆಯುವ ರೀತಿಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮನೆಯ ಹಿರಿಯರಿಗೆ ‘ಮೊಬೈಲಿನಲ್ಲಿ ಓದು’ ಎಂದರೆ ನಂಬಿಕೆ ಬರುವುದು ಕಷ್ಟ. ವರ್ಷಕ್ಕೆ ಎರಡು ಅವಧಿ, ಜನವರಿಯಲ್ಲೊಂದು, ಜುಲೈಯಲ್ಲೊಂದು. ಪಾಠ ಎಂಟು ವಾರದ್ದೋ ಹನ್ನೆರಡು ವಾರದ್ದೋ ಇರುತ್ತದೆ. ವಾರವಾರ ಪಾಠದ ಚಿತ್ರ ಬರುತ್ತದೆ, ಬಿಡುವಾದಾಗ ನೋಡಬಹುದು. ರಾತ್ರಿ ಪಾಳಿಯವನಿಗೆ ಬೆಳಿಗ್ಗೆ, ಮಗುವಿನ ತಾಯಿಗೆ ಮಗು ಮಲಗಿದ ಮೇಲೆ. ವಾರದ ಕೊನೆಗೆ ಮನೆಗೆಲಸದ ಪ್ರಶ್ನೆಗಳಿರುತ್ತವೆ. ಎನ್‌ಪಿಟೆಲ್ ಪಾಠಗಳಲ್ಲಿ ಇದಕ್ಕೆ ನೂರರಲ್ಲಿ 25 ಅಂಕ. ಉಳಿದ 75 ಅಂಕಕ್ಕೆ ನಿಗದಿಯಾದ ಕೇಂದ್ರಕ್ಕೇ ಹೋಗಿ, ಮೇಲ್ವಿಚಾರಕರ ಎದುರಿನಲ್ಲಿ ಪರೀಕ್ಷೆ ಬರೆಯಬೇಕು. ಆದ್ದರಿಂದ ಇದು ಮನೆಯಲ್ಲೇ ಕೂತು ಅಂಕ ಗಳಿಸುವ ಆಟವಲ್ಲ.

ಇದರಲ್ಲಿ ಕಲಿತದ್ದು ಪದವಿಗೆ ಹೇಗೆ ಸೇರುತ್ತದೆ? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಎಂದರೆ ಯು.ಜಿ.ಸಿ., 2016ರಲ್ಲಿ ಒಂದು ನಿಯಮ ಮಾಡಿತು. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 20ರಷ್ಟನ್ನು ಸ್ವಯಂ ಮೂಲಕ ಕಲಿಯಬಹುದು, ಅದರ ಕ್ರೆಡಿಟ್ಟನ್ನು ಮೂಲ ಕಾಲೇಜು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಕು ಎಂದು. 2021ರಲ್ಲಿ ಈ ಮಿತಿಯನ್ನು ಶೇಕಡಾ 40ಕ್ಕೆ ಏರಿಸಲಾಯಿತು. ಅದೇ ವರ್ಷ ಜುಲೈ 29ರಂದು ಆರಂಭವಾದ ‘ಕ್ರೆಡಿಟ್ ಬ್ಯಾಂಕ್’ ಎಂಬ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟುಗಳು ಉಳಿತಾಯ ಖಾತೆಯ ಹಣದಂತೆ ಜಮೆ ಆಗಿರುತ್ತವೆ. ಮದುವೆಯೋ ಕಾಯಿಲೆಯೋ ಬಂದು ನಡುವೆ ಓದು ನಿಂತರೂ ಹಿಂದಿನದು ಹಾಳಾಗುವುದಿಲ್ಲ. ನಮ್ಮ ಹೆಣ್ಣುಮಕ್ಕಳ ಮಟ್ಟಿಗೆ ಶೇಕಡಾ 40ಕ್ಕಿಂತ ದೊಡ್ಡ ಸಂಗತಿ ಇದು ಎಂದು ಈ ಲೇಖಕನ ಅಭಿಪ್ರಾಯ.

ಇಷ್ಟೆಲ್ಲ ಇದ್ದ ಮೇಲೆ ತಕರಾರು ಏನು ಎಂದು ಕೇಳಬಹುದು. ತಕರಾರು ಭಾಷೆಯದು.

ಕನ್ನಡ ನಿಲ್ಲುವ ಜಾಗ

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350 ಎ ವಿಧಿ ಪ್ರಾಥಮಿಕ ಹಂತದ ಮಾತನ್ನಷ್ಟೇ ಆಡುತ್ತದೆ. ಹೈಸ್ಕೂಲಿನಲ್ಲಿ ರಾಜ್ಯದ ಔದಾರ್ಯ, ಕಾಲೇಜಿನಲ್ಲಿ ಅದೂ ಇಲ್ಲ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾನೂನಿನ ಪ್ರಕಾರ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಹತ್ತನೆಯ ತರಗತಿಯ ತಮಿಳು ಪತ್ರಿಕೆಯಿಂದ ವಿನಾಯಿತಿ ಬೇಕೆಂದು ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಒಂದು ವರ್ಷದ ಮಟ್ಟಿಗೆ ಮುಂದುವರಿಸಿತು. 2017ರ ಮಲೆಯಾಳ ಕಲಿಕೆ ಕಾನೂನಿನ ಕಾಲದಲ್ಲಿ ಬೀದಿಗಿಳಿದ ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ರಾಜ್ಯಭಾಷೆ ಕಲಿಯಬಾರದೆಂದು ಯಾರೂ ಹೇಳುತ್ತಿಲ್ಲ. ಬದುಕಿಗೆ ಅದು ಬೇಕು, ಅಂಚೆಟ್ಟಿಯ ಸಂತೆಯಲ್ಲಿ ತಮಿಳಿಲ್ಲದೆ ವ್ಯಾಪಾರವಿಲ್ಲ. ಆದರೆ ಒಂದನ್ನು ಕಲಿಯಲು ಮತ್ತೊಂದನ್ನು ಬಿಡಬೇಕೆ ಎಂಬುದು ಕೇಳಬೇಕಾದ ಮಾತು.

ಕಾಲೇಜಿಗೆ ಬಂದಾಗ ಬಿಡಬೇಕಾಗಿಯೇ ಬರುತ್ತದೆ. ಕೃಷ್ಣಗಿರಿ ಜಿಲ್ಲೆಯ ಕಾಲೇಜುಗಳು ಸೇಲಂನ ಪೆರಿಯಾರ್ ವಿಶ್ವವಿದ್ಯಾನಿಲಯದ ವ್ಯಾಪ್ತಿಯವು. ಅಲ್ಲಿ ಪಾಠ ನಡೆಯುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಹಾಗಾದರೆ ಕರ್ನಾಟಕದ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಬಾರದೇ, ಮೈಸೂರು ದೂರವೇನಲ್ಲ ಎಂದರೆ, ಅಲ್ಲಿ ಅಡ್ಡ ಬರುವುದು 1956ರ ಗೆರೆಯೇ. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯ ದೂರಶಿಕ್ಷಣವನ್ನು ತನ್ನ ರಾಜ್ಯದೊಳಗೆ ಮಾತ್ರ ನಡೆಸಬೇಕೆಂಬುದು ನಿಯಮ. ತಮಿಳುನಾಡಿನವನಿಗೆ 2002ರಲ್ಲಿ ಸ್ಥಾಪಿತವಾದ ತಮಿಳುನಾಡು ಮುಕ್ತ ವಿಶ್ವವಿದ್ಯಾನಿಲಯ, ನಮಗೆ 2020ರ ಅಕ್ಟೋಬರ್ 2ರಂದು ಕೊಲ್ಲಂನಲ್ಲಿ ತೆರೆದ ಶ್ರೀನಾರಾಯಣಗುರು ಮುಕ್ತ ವಿಶ್ವವಿದ್ಯಾನಿಲಯ. ಕೊಲ್ಲಂ ಎಂದರೆ ನಮಗೆ ಇಡೀ ರಾಜ್ಯದ ಉದ್ದ.

ಈ ಗೆರೆಯನ್ನು ಲೆಕ್ಕಿಸದೆ ಹೋದವರ ಪಾಡು ಏನಾಯಿತೆಂಬುದನ್ನೂ ಮರೆಯಬಾರದು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಒಂದು ಕಾಲದಲ್ಲಿ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಹೊರರಾಜ್ಯಗಳಲ್ಲೂ ಪಾಠ ನಡೆಸಿತ್ತು. 2015ರ ಜೂನ್‌ನಲ್ಲಿ ಯು.ಜಿ.ಸಿ. ಪ್ರಕಟಣೆ ಹೊರಡಿಸಿ, 2012-13ರ ಅನಂತರ ಅದರ ಪಾಠಕ್ರಮಗಳಿಗೆ ಮಾನ್ಯತೆ ಇಲ್ಲವೆಂದಿತು. ಹಣ ಕಟ್ಟಿ, ಪರೀಕ್ಷೆ ಬರೆದು, ಕೈಯಲ್ಲಿ ಪ್ರಮಾಣಪತ್ರ ಹಿಡಿದುಕೊಂಡವರು ಅದನ್ನು ಎಲ್ಲಿ ತೋರಿಸಬೇಕೆಂದು ತಿಳಿಯದೆ ವರ್ಷಗಟ್ಟಲೆ ಅಲೆದರು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ವಿಶ್ವವಿದ್ಯಾನಿಲಯ ಚೇತರಿಸಿಕೊಂಡಿತು, ನಡುವಿನ ವರ್ಷಗಳನ್ನು ಕಳೆದುಕೊಂಡವರ ವಯಸ್ಸು ಮರಳಿ ಬರಲಿಲ್ಲ.

ಇಲ್ಲಿಯೇ ಹೊಸ ನಿಯಮದ ಒಂದು ಸಣ್ಣ ಬಾಗಿಲನ್ನು ಗಮನಿಸಬೇಕು. 2020ರ ಸೆಪ್ಟೆಂಬರಿನ ಯು.ಜಿ.ಸಿ. ನಿಯಮಾವಳಿ ‘ದೂರಶಿಕ್ಷಣ’ ಮತ್ತು ‘ಆನ್‌ಲೈನ್ ಶಿಕ್ಷಣ’ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ದೂರಶಿಕ್ಷಣಕ್ಕೆ ರಾಜ್ಯದ ಗಡಿ ಉಂಟು. ಅನುಮತಿ ಪಡೆದ ಆನ್‌ಲೈನ್ ಪದವಿಗೆ ಆ ಗಡಿ ಇಲ್ಲ. ಕರ್ನಾಟಕದ ವಿಶ್ವವಿದ್ಯಾನಿಲಯ ನಡೆಸುವ ಮಾನ್ಯತೆಯುಳ್ಳ ಆನ್‌ಲೈನ್ ಪದವಿಗೆ ನಾಟ್ರಾಂಪಾಳ್ಯದವನೂ ಸೇರಬಹುದು, ನೀರ್ಚಾಲಿನವಳೂ ಸೇರಬಹುದು. ಹೀಗೆ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮವೆಂದು 2022ರ ಸೆಪ್ಟೆಂಬರಿನಲ್ಲಿ ಯು.ಜಿ.ಸಿ. ಸ್ಪಷ್ಟಪಡಿಸಿದೆ. ಆದರೆ ‘ಅನುಮತಿ ಪಡೆದ’ ಎಂಬ ಎರಡು ಶಬ್ದಗಳಲ್ಲಿ ಎಲ್ಲವೂ ಅಡಗಿದೆ. ಯಾವ ವಿಶ್ವವಿದ್ಯಾನಿಲಯಕ್ಕೆ, ಯಾವ ವಿಷಯಕ್ಕೆ, ಯಾವ ವರ್ಷಕ್ಕೆ ಅನುಮತಿ ಇದೆ ಎಂಬ ಪಟ್ಟಿಯನ್ನು ಯು.ಜಿ.ಸಿ.ಯ ದೂರಶಿಕ್ಷಣ ಮಂಡಳಿ ಪ್ರಕಟಿಸುತ್ತದೆ. 2024ರಿಂದ ವಿದ್ಯಾರ್ಥಿಯೇ ಆ ಮಂಡಳಿಯ ಜಾಲತಾಣದಲ್ಲಿ ತನ್ನದೊಂದು ಗುರುತಿನ ಸಂಖ್ಯೆ ಮಾಡಿಸಿಕೊಂಡ ಮೇಲೆಯೇ ಪ್ರವೇಶ. ನಡುವೆ ಏಜೆಂಟನೊಬ್ಬ ಬಂದು ‘ನೀವು ಸಹಿ ಹಾಕಿ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎಂದರೆ ಅವನಿಗೆ ಚಹಾ ಕೊಟ್ಟು ಕಳುಹಿಸುವುದು ಒಳ್ಳೆಯದು.

ಇನ್ನು ಸ್ವಯಂ ಮುಂತಾದ ಕೂಡುಪೋರ್ಟಲುಗಳ ವಿಷಯ. ಎನ್‌ಪಿಟೆಲ್ ಪಾಠಗಳ ಅನುವಾದ ಕನ್ನಡದಲ್ಲೂ ಆಗುತ್ತಿದೆ, ಮಾತಿನ ಲಿಖಿತ ರೂಪವನ್ನು ಕನ್ನಡ ಲಿಪಿಯಲ್ಲಿ ಓದಬಹುದು. ಇದು ಒಳ್ಳೆಯ ಕೆಲಸ, ಇಲ್ಲ ಎನ್ನಲಾಗದು. ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವುದು ನುರಿತವನಿಗೂ ಸುಲಭವಲ್ಲ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ 2016ರಲ್ಲಿ ಆರಂಭಿಸಿದ ‘ಭಾರತವಾಣಿ’ಯಲ್ಲಿ ನಿಘಂಟುಗಳಿವೆ, ಕರ್ನಾಟಕ ಸರಕಾರದ ‘ಕಣಜ’ದಲ್ಲಿ ಕನ್ನಡದ ಜ್ಞಾನಸಾಮಗ್ರಿ ಇದೆ. ಓದುವವನ ಪಕ್ಕದಲ್ಲಿ ಇವೆರಡೂ ಇರಬೇಕು. ಅವು ಕ್ರೆಡಿಟ್ ಕೊಡುವುದಿಲ್ಲ. ತಮಿಳುನಾಡು ಸರಕಾರ 2022ರ ಮಾರ್ಚ್ 1ರಂದು ಆರಂಭಿಸಿದ ‘ನಾನ್ ಮುದಲ್ವನ್’ ಎಂಬ ಯೋಜನೆ ರಾಜ್ಯದ ಕಾಲೇಜುಗಳಿಗೆಲ್ಲ ಒಂದೇ ಪೋರ್ಟಲಿನಿಂದ ಕಸುಬಿನ ಪಾಠ ಕಲಿಸುತ್ತದೆ. ಹೊಸೂರಿನ ಹುಡುಗರಿಗೆ ಉಪಯೋಗವಿದೆ. ಅದರಲ್ಲಿ ಕನ್ನಡವನ್ನು ನಿರೀಕ್ಷಿಸುವುದು ಹೆಚ್ಚಾದೀತು.

ಊರಿಗೆ ಸಂಪರ್ಕವೇ ಸರಿಯಿಲ್ಲದಿದ್ದರೆ? ಬೆಟ್ಟದ ಹಳ್ಳಿಗಳಲ್ಲಿ ಮೊಬೈಲು ಹಿಡಿದು ದಿಣ್ಣೆ ಹತ್ತುವವರನ್ನು ಕೊರೋನಾ ಕಾಲದಲ್ಲಿ ಎಲ್ಲ ಕಡೆಯೂ ನೋಡಿದ್ದೇವೆ. ಇದಕ್ಕೆಂದೇ ‘ಸ್ವಯಂ ಪ್ರಭಾ’ ಎಂಬ ಟಿ.ವಿ. ವಾಹಿನಿಗಳಿವೆ. 2017ರಲ್ಲಿ 32 ವಾಹಿನಿಗಳಿಂದ ಆರಂಭವಾದವು, ಆ ಮೇಲೆ ಹೆಚ್ಚಿದವು. ಉಪಗ್ರಹದಿಂದ ನೇರವಾಗಿ ಬರುವುದರಿಂದ ಮನೆಯ ಮೇಲೆ ಒಂದು ಡಿಶ್ ಇದ್ದರೆ ಸಾಕು, ಇಂಟರ್‌ನೆಟ್ಟಿನ ಖರ್ಚಿಲ್ಲ. ಧಾರಾವಾಹಿಯ ಹೊತ್ತಿಗೆ ರಿಮೋಟು ಯಾರ ಕೈಯಲ್ಲಿರುತ್ತದೆ ಎಂಬುದು ಬೇರೆ ಮಾತು.

ವೇಲ್ಸಿನವರು ಮಾಡಿದ್ದು

ಈ ಭಾಷೆಯ ಗಂಟನ್ನು ಬಿಡಿಸಿದವರು ಎಲ್ಲಾದರೂ ಇದ್ದಾರೆಯೇ ಎಂದು ಹುಡುಕಿದರೆ ಬ್ರಿಟನ್ನಿನ ವೇಲ್ಸ್ ಕಾಣುತ್ತದೆ. 2021ರ ಜನಗಣತಿಯಂತೆ ಅಲ್ಲಿ ವೆಲ್ಶ್ ಮಾತಾಡುವವರು ಸುಮಾರು 5 ಲಕ್ಷ 38 ಸಾವಿರ, ಜನಸಂಖ್ಯೆಯ ಶೇಕಡಾ 18ರಷ್ಟೂ ಇಲ್ಲ. ಸುತ್ತ ಇಂಗ್ಲಿಷಿನ ಸಮುದ್ರ. ಅವರೂ ಶಾಲೆಯಲ್ಲಿ ತಮ್ಮ ಭಾಷೆಯಲ್ಲಿ ಓದಿ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ಅದನ್ನು ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗುತ್ತಿದ್ದವರೇ. 2011ರಲ್ಲಿ ಅವರು ‘ಕೊಲೆಗ್ ಕಮ್ರಾಯ್ಗ್ ಕೆನೆಡ್ಲೈಥೋಲ್’ ಎಂಬ ಸಂಸ್ಥೆ ಕಟ್ಟಿದರು. ನಾಲಗೆ ತೊಡರುವ ಈ ಹೆಸರಿನ ಅರ್ಥ ರಾಷ್ಟ್ರೀಯ ವೆಲ್ಶ್ ಕಾಲೇಜು. ವಿಚಿತ್ರವೆಂದರೆ ಈ ಕಾಲೇಜಿಗೆ ವಿದ್ಯಾರ್ಥಿಗಳು ಕೂತು ಓದುವ ಕಟ್ಟಡವಿಲ್ಲ. ಅದು ಬೇರೆ ಬೇರೆ ವಿಶ್ವವಿದ್ಯಾನಿಲಯಗಳಲ್ಲಿ ವೆಲ್ಶ್ ಭಾಷೆಯಲ್ಲಿ ಕಲಿಸುವ ಅಧ್ಯಾಪಕರಿಗೆ ಹಣ ಕೊಡುತ್ತದೆ. ಅವರ ಪಾಠಸಾಮಗ್ರಿಯನ್ನು ‘ಪೋರ್ಥ್’, ಎಂದರೆ ಹೆಬ್ಬಾಗಿಲು, ಎಂಬ ಒಂದೇ ಪೋರ್ಟಲಿನಲ್ಲಿ ಇಡುತ್ತದೆ. ಒಂದು ವಿಶ್ವವಿದ್ಯಾನಿಲಯದಲ್ಲಿ ವೆಲ್ಶ್‌ನಲ್ಲಿ ಓದಬಯಸುವವರು ಮೂವರೇ ಇರಬಹುದು. ಮೂವರಿಗಾಗಿ ಅಧ್ಯಾಪಕರನ್ನು ನೇಮಿಸಲು ಯಾವ ಕುಲಪತಿಯೂ ಒಪ್ಪುವುದಿಲ್ಲ. ಹತ್ತು ಕಡೆಯ ಮೂರು ಮೂರು ಜನ ಸೇರಿದರೆ ತರಗತಿ ಆಗುತ್ತದೆ.

ಗಡಿನಾಡ ಕನ್ನಡಿಗರ ಲೆಕ್ಕವೂ ಇದೇ. ಒಂದೊಂದು ಕಾಲೇಜಿನಲ್ಲಿ ಕನ್ನಡ ಕೇಳುವವರು ಕೈಬೆರಳಿನಷ್ಟು. ಹೊಸೂರು, ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾ, ತಾಳವಾಡಿ, ಮುಂಬಯಿ ಎಲ್ಲ ಸೇರಿದರೆ ಸಣ್ಣ ತರಗತಿಯಲ್ಲ. ಕಲಿಸುವವರೂ ಚದರಿ ಇದ್ದಾರೆ. ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗ ಹಳೆಯದು. ನಮ್ಮ ಸೀಮೆಯವರೇ ಆದ ವಿದ್ವಾಂಸ ಎಂ. ಮರಿಯಪ್ಪ ಭಟ್ಟರು ಅಲ್ಲಿದ್ದುಕೊಂಡೇ ಕಿಟ್ಟೆಲ್ ನಿಘಂಟನ್ನು ಪರಿಷ್ಕರಿಸಿದರು. 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಅದು ಹೊರಬಂತು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ವಿಭಾಗವಿದೆ. ನಮ್ಮ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಇದೆ. ಕರ್ನಾಟಕದೊಳಗಿನ ವಿಶ್ವವಿದ್ಯಾನಿಲಯಗಳನ್ನು ಎಣಿಸುವುದೇ ಬೇಡ. ಇವರೆಲ್ಲ ತಲಾ ಒಂದು ಪಾಠವನ್ನು ಕನ್ನಡದಲ್ಲಿ, ಕನ್ನಡದ ಪರೀಕ್ಷೆಯೊಡನೆ ಸ್ವಯಂನಲ್ಲಿ ಇಟ್ಟರೆ ಏನಾಗುತ್ತದೆ? ನಾಟ್ರಾಂಪಾಳ್ಯದ ಹುಡುಗ ಸೇಲಂ ವಿಶ್ವವಿದ್ಯಾನಿಲಯದ ಬಿ.ಕಾಂ. ವಿದ್ಯಾರ್ಥಿಯಾಗಿದ್ದುಕೊಂಡೇ ಅದರ ಒಂದು ಭಾಗವನ್ನು ಕನ್ನಡದಲ್ಲಿ ಕಲಿಯುತ್ತಾನೆ. ಪದವಿ ತಮಿಳುನಾಡಿನದೇ, ಆದ್ದರಿಂದ ಮಾನ್ಯತೆಯ ಭಯವಿಲ್ಲ. ಗಡಿಯ ನಿಯಮ ಮುರಿಯುವುದೂ ಇಲ್ಲ.

ಇದು ಕನಸಿನ ಮಾತಲ್ಲ, ನಿಯಮದ ಪುಸ್ತಕದಲ್ಲೇ ಎಡೆ ಇದೆ. 2016ರ ಯು.ಜಿ.ಸಿ. ನಿಯಮ ಸ್ವಯಂ ಪಾಠಗಳನ್ನು ಯಾವಾಗ ಒಪ್ಪಿಕೊಳ್ಳಬೇಕೆಂದು ಕಾರಣಗಳನ್ನು ಕೊಡುತ್ತದೆ. ಪಾಠಕ್ಕೆ ತಕ್ಕ ಅಧ್ಯಾಪಕರು ಇಲ್ಲದಿರುವುದು ಒಂದು, ವಿದ್ಯಾರ್ಥಿಗಳು ಕೇಳಿದ ಐಚ್ಛಿಕ ವಿಷಯವನ್ನು ಕಲಿಸುವ ಸೌಕರ್ಯ ಸಂಸ್ಥೆಯಲ್ಲಿ ಇಲ್ಲದಿರುವುದು ಮತ್ತೊಂದು. ಗಡಿನಾಡಿನ ಕಾಲೇಜಿನಲ್ಲಿ ಕನ್ನಡದ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ನಾವೇ ಬರೆದರೂ ಬರೆಯಲಾರೆವು. ಪದವಿ ಮಟ್ಟದ ಪಾಠಗಳನ್ನು ಸ್ವಯಂಗೆ ಸಿದ್ಧಪಡಿಸುವ ಹೊಣೆ ಹೊತ್ತ ಕೇಂದ್ರ ಸಂಸ್ಥೆಯ ಮಾಧ್ಯಮ ಕೇಂದ್ರವೊಂದು ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ಇದೆ. ಕ್ಯಾಮರಾ ಇದೆ, ಅಧ್ಯಾಪಕರಿದ್ದಾರೆ, ನಿಯಮ ಇದೆ. ಕೇಳುವವರು ಇಲ್ಲ. ಕನ್ನಡ ಸಂಘಗಳು ರಾಜ್ಯೋತ್ಸವದ ದಿನ ಗಡಿ ಸಮಸ್ಯೆಯ ಮೇಲೆ ಭಾಷಣ ಮಾಡಿಸುತ್ತವೆ, ಶಾಲು ಹೊದೆಸುತ್ತವೆ. ವಿಶ್ವವಿದ್ಯಾನಿಲಯದ ವಿದ್ಯಾವಿಷಯಕ ಪರಿಷತ್ತಿಗೆ ಒಂದು ಅರ್ಜಿ ಬರೆದ ಸಂಘ ಎಷ್ಟಿದೆಯೋ ಕಾಣೆ.

ಅರ್ಜಿ ಉದ್ದವಿರಬೇಕಾಗಿಲ್ಲ. ಯಾವ ವಿಷಯದ ಪಾಠ ಕನ್ನಡದಲ್ಲಿ ಬೇಕು, ಅದನ್ನು ಕೇಳುವ ವಿದ್ಯಾರ್ಥಿಗಳು ಎಷ್ಟು ಮಂದಿ, ಅವರು ಯಾವ ಕಾಲೇಜಿನವರು ಎಂಬ ಮೂರು ಮಾತು ಸಾಕು. ಅದರೊಡನೆ ವಿದ್ಯಾರ್ಥಿಗಳ ಸಹಿ. ಹೊಸೂರು ಸೀಮೆಯವರು ಸೇಲಂಗೆ ಬರೆಯಬೇಕು, ನಾವು ಕಣ್ಣೂರಿಗೆ. ಪ್ರತಿಯೊಂದನ್ನು ಸಂವಿಧಾನದ 350 ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಕಮೀಷನರಿಗೂ ಕಳುಹಿಸಬೇಕು. ಪರೀಕ್ಷೆಯ ಭಾಷೆ ಕನ್ನಡವಾಗಿರಬೇಕೆಂಬ ಬೇಡಿಕೆಯನ್ನು ಮಾತ್ರ ಮೊದಲನೆಯ ಸಾಲಿನಲ್ಲಿಯೇ ಬರೆಯುವುದು ಮೇಲು, ಏಕೆಂದರೆ ಕಚೇರಿಗಳಲ್ಲಿ ಎರಡನೆಯ ಪುಟ ಓದುವ ಪದ್ಧತಿ ಇಲ್ಲ.